ಅಮ್ಮ ಮೂರರವರೆಗೆ ಮಾತ್ರ ಎಣಿಸುತ್ತಾಳೆ

ಮಾರ್ಚ್ 3, ಸೋಮವಾರ

ಇಂದಿನ ಸುದ್ದಿ: ಮೂರು ಮಡಿಕೆಯ ಫೋನ್ ಬಂದಿದೆಯಂತೆ. ಬಿಚ್ಚಿದರೆ ತಟ್ಟೆಯಷ್ಟು ಅಗಲ, ಮಡಿಸಿದರೆ ಇಟ್ಟಿಗೆಯಷ್ಟು ದಪ್ಪ. ಮಡಿಸುವುದೇ ಅಷ್ಟು ದೊಡ್ಡ ಸಾಧನೆಯಾದರೆ ನಮ್ಮಜ್ಜಿ ದಿನಾ ಒಂದು ಬುಟ್ಟಿ ಬಟ್ಟೆ ಮಡಿಸುತ್ತಾಳೆ, ಅವಳನ್ನು ಯಾರೂ ವೇದಿಕೆ ಹತ್ತಿಸಿ ಚಪ್ಪಾಳೆ ತಟ್ಟಿಲ್ಲ. ಐದಕ್ಕೆ ಎರಡು ನಕ್ಷತ್ರ. ಒಂದು ಫೋನಿಗೆ, ಇನ್ನೊಂದು ಅದನ್ನು ಕೊಳ್ಳುವವರ ಧೈರ್ಯಕ್ಕೆ.

ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯುವ ದುರ್ಗತಿ ಯಾಕೆಂದರೆ, ಗ್ಯಾಜೆಟ್ ವಿಮರ್ಶೆಗೆಂದು ನಾನು ಶುರು ಮಾಡಿದ ಚಾನೆಲ್‌ಗೆ ಹನ್ನೊಂದು ಜನ ವೀಕ್ಷಕರಿದ್ದರು. ಅವರಲ್ಲಿ ನಾಲ್ಕು ಜನ ನಾನೇ. ಇನ್ನೊಬ್ಬ ಅಪ್ಪ, ಅವನು ನನ್ನ ವಿಡಿಯೋ ಹಾಕಿಕೊಂಡೇ ನಿದ್ದೆ ಹೋಗುತ್ತಾನೆ. ಬೇಕರಿಯಲ್ಲಿ ಒಲೆಯ ಮುಂದೆ ಬೆಳಗಿನ ಜಾವದಿಂದ ನಿಂತು ಬರುವವನನ್ನು ಬೈಯಲೂ ಆಗುವುದಿಲ್ಲ. ನನಗೆ 'ಚಾರ್ಜರ್' ಎಂದು ಹೆಸರಿಟ್ಟವನೂ ಅವನೇ. ಸದಾ ಪ್ಲಗ್ ಪಾಯಿಂಟಿನ ಕೆಳಗೆ ನೇತಾಡುತ್ತಿರುತ್ತೇನಂತೆ.

ಮನೆ ಸುದ್ದಿ: ಅಮ್ಮನ ಧ್ವನಿತಂತುವಿನ ಮೇಲೆ ಸಣ್ಣ ಗಂಟು ಬೆಳೆದಿದೆ. ಕೆಟ್ಟ ಗಂಟಲ್ಲ, ಕೂಗಿ ಕೂಗಿ ಬಂದದ್ದು ಎಂದರು ಡಾಕ್ಟರು. ಗುರುವಾರ ತೆಗೆಯುತ್ತಾರೆ. ಆಮೇಲೆ ಮೂರು ವಾರ ಒಂದಕ್ಷರ ಮಾತಾಡುವಂತಿಲ್ಲ, ಪಿಸುಗುಟ್ಟುವಂತೆಯೂ ಇಲ್ಲ. ಅಮ್ಮ ಹದಿನಾರು ವರ್ಷದಿಂದ ಬಸ್ ನಿಲ್ದಾಣದಲ್ಲಿ ಮೈಕ್ ಮುಂದೆ ಕೂತವಳು. ಅಲ್ಲಿ "ಪ್ರಯಾಣಿಕರ ಗಮನಕ್ಕೆ" ಎಂದು ಇನ್ನೂರು ಸಲ ಹೇಳಿ, ಮನೆಗೆ ಬಂದು ನನ್ನ ಗಮನಕ್ಕೆ ಇನ್ನೂ ಇನ್ನೂರು ಸಲ ಹೇಳುತ್ತಾಳೆ. ಗಂಟು ಬರದೆ ಇನ್ನೇನಾದೀತು?

ಅಮ್ಮನಿಗೆ ಮ್ಯೂಟ್ ಬಟನ್! ಈ ವರ್ಷದ ಅತ್ಯುತ್ತಮ ಫೀಚರ್. ಐದಕ್ಕೆ ಐದು.

ಮಾರ್ಚ್ 6, ಗುರುವಾರ

ಆಪರೇಷನ್ ಆಯಿತು. ಅಮ್ಮ ಚೆನ್ನಾಗಿದ್ದಾಳೆ. ಕಣ್ಣು ಬಿಟ್ಟವಳೇ ನನ್ನ ಕೈಯಲ್ಲಿದ್ದ ಫೋನ್ ನೋಡಿ ಹುಬ್ಬು ಗಂಟಿಕ್ಕಿದಳು. ಸೌಂಡ್ ಇಲ್ಲದಿದ್ದರೂ ಸ್ಕ್ರೀನ್ ಕೆಲಸ ಮಾಡುತ್ತಿದೆ.

ಮಾರ್ಚ್ 9, ಭಾನುವಾರ

ಇಂದಿನ ಸುದ್ದಿ: ಮೊಟ್ಟೆ ಖಾಲಿಯಾದರೆ ತಾನೇ ಮೆಸೇಜು ಕಳಿಸುವ ಫ್ರಿಜ್. ನಮ್ಮನೆಯಲ್ಲಿ ಈ ಕೆಲಸವನ್ನು ಅಜ್ಜಿ ಮಾಡುತ್ತಾಳೆ, ಅದೂ ಕರೆಂಟಿಲ್ಲದೆ. ಒಂದೂವರೆ ನಕ್ಷತ್ರ.

ನಾಲ್ಕು ದಿನದ ಮೌನದಲ್ಲಿ ಗೊತ್ತಾದದ್ದೇನೆಂದರೆ, ಅಮ್ಮನಿಗೆ ಬೈಯಲು ಬಾಯಿ ಬೇಕಿಲ್ಲ. ಚಮಚದಿಂದ ಪಾತ್ರೆಗೆ ಒಂದು ಸಲ ಹೊಡೆದರೆ "ಬಾ ಇಲ್ಲಿ." ಎರಡು ಸಲ ಹೊಡೆದರೆ "ಕೇಳಿಸ್ತಾ?" ಮೂರು ಸಲ ಹೊಡೆಯುವವರೆಗೆ ನಾನು ಕಾಯುವುದಿಲ್ಲ. ನಾನು ಸಣ್ಣವಳಿದ್ದಾಗಿನಿಂದ ಅಮ್ಮನ ಕಾನೂನು ಅದೇ: ಒಂದು, ಎರಡು, ಮೂರು. ಮೂರರ ಆಚೆ ಏನಿದೆ ಎಂದು ನೋಡಿದವರು ಯಾರೂ ಇಲ್ಲ.

ಕಷ್ಟಕ್ಕೆ ತಂತ್ರಜ್ಞಾನವಿದೆಯಲ್ಲ ಎಂದು ಹಳೆಯ ಟ್ಯಾಬ್‌ಗೆ ಒಂದು ಆ್ಯಪ್ ಹಾಕಿಕೊಟ್ಟೆ. ಬರೆದದ್ದನ್ನು ಅದು ಓದಿ ಹೇಳುತ್ತದೆ. ಅಮ್ಮ ಸಿಟ್ಟಿನಿಂದ ಟಪಟಪನೆ ಏನೋ ಬರೆದಳು. ಟ್ಯಾಬಿನೊಳಗಿನ ಹೆಂಗಸು ಹವಾಮಾನ ವರದಿ ಓದುವ ದನಿಯಲ್ಲಿ, "ನಿನ್ನ ಕೋಣೆ ಕಸದ ತೊಟ್ಟಿಯಂತಿದೆ. ನಾಚಿಕೆಯಾಗಬೇಕು ನಿನಗೆ" ಎಂದಳು. ನಾನು ಬಿದ್ದು ಬಿದ್ದು ನಕ್ಕೆ.

ಅಜ್ಜಿ ಅಡುಗೆಮನೆಯಿಂದ ಧಾವಿಸಿ ಬಂದಳು. "ಯಾರೇ ಅವಳು, ನಮ್ಮನೆ ಹುಡುಗಿಗೆ ಬೈಯೋಕೆ? ಬೈಯೋಕೆ ನಾವೇನು ಸತ್ತಿದ್ದೀವಾ? ಇಡಮ್ಮಾ ಫೋನು!"

ಅಮ್ಮ ಟ್ಯಾಬನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದಳು. ಮತ್ತೆ ಚಮಚಕ್ಕೇ ಬಂದೆವು.

ಮಾರ್ಚ್ 12, ಬುಧವಾರ

ಶಾಲೆ ಮುಗಿಸಿ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಅಮ್ಮನ ಕುರ್ಚಿಯ ಮೇಲೆ ಒಂದು ಡಬ್ಬ ಕೂತಿದೆ! ಅಮ್ಮ ಬರುವವರೆಗೆ ತಾತ್ಕಾಲಿಕ ಎಂದು ಮ್ಯಾನೇಜರ್ ಅಂಕಲ್ ತರಿಸಿದ ಯಂತ್ರ. ಅದು ಎಂಟು ಪ್ಲಾಟ್‌ಫಾರಂಗೂ ಒಂದೇ ದನಿಯಲ್ಲಿ, ಗೋಡೆಗೆ ಹೇಳಿದ ಹಾಗೆ ಹೇಳುತ್ತದೆ. ಯಾರೂ ತಲೆ ಎತ್ತುವುದಿಲ್ಲ. ನನ್ನ ಕಣ್ಣೆದುರೇ ಇಬ್ಬರು ಬಸ್ ತಪ್ಪಿಸಿಕೊಂಡರು. ಅವರಲ್ಲಿ ಒಬ್ಬಳು ನಾನು.

ಅರ್ಧ ನಕ್ಷತ್ರ. ಅದೂ ಡಬ್ಬದ ಬಣ್ಣಕ್ಕೆ.

ಮ್ಯಾನೇಜರ್ ಅಂಕಲ್ ಮಾತ್ರ, "ಅಭ್ಯಾಸ ಆಗುತ್ತೆ ಬಿಡಮ್ಮ. ಇದಕ್ಕೆ ರಜ ಬೇಡ, ಕೆಮ್ಮು ಬರಲ್ಲ. ನಿಮ್ಮಮ್ಮನಿಗೆ ಕಳೆದುಹೋದ ಸಾಮಾನಿನ ಕೋಣೇಲಿ ಒಂದು ಜಾಗ ಇದ್ದೇ ಇರುತ್ತೆ" ಎಂದರು.

ಮನೆಗೆ ಬಂದು ಇದನ್ನು ಜೋಕಿನಂತೆ ಹೇಳಿದೆ. ಬೀಗದಕೈ ಕಳೆದುಕೊಂಡವರ ಜೊತೆ ಅಮ್ಮ ಚಮಚ ಬಾರಿಸುತ್ತ ಕೂತಿರುವುದನ್ನು ನಟಿಸಿಯೂ ತೋರಿಸಿದೆ. ಅಜ್ಜಿ ನಗಲಿಲ್ಲ. ಅಮ್ಮ ಎದ್ದು ಹೋಗಿ ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದಳು.

ಕಸದ ಬುಟ್ಟಿಯಲ್ಲಿ ಅಮ್ಮನ ಚೀಟಿಯೊಂದು ಸಿಕ್ಕಿತು. ಅಪ್ಪನಿಗೆ ಬರೆದದ್ದು. "ದನಿ ಬರದೇ ಇದ್ರೆ?" ಎಂದಿತ್ತು. ಕೆಳಗೆ ಅಪ್ಪನ ಅಕ್ಷರದಲ್ಲಿ "ಬರುತ್ತೆ." ಅದರ ಕೆಳಗೆ ಅಮ್ಮ ಮತ್ತೆ, "ಬೇರೆ ಥರ ಬಂದ್ರೆ?"

ನನ್ನ ನಟನೆಗೆ ಸೊನ್ನೆ ನಕ್ಷತ್ರ.

ಮಾರ್ಚ್ 15, ಶನಿವಾರ

ಇಂದಿನ ಸುದ್ದಿ: ಯಾರದೇ ದನಿಯನ್ನು ಅರ್ಧ ನಿಮಿಷ ಕೇಳಿಸಿಕೊಂಡು ಥೇಟ್ ಅವರಂತೆಯೇ ಮಾತಾಡುವ ತಂತ್ರಾಂಶ ಬಂದಿದೆ. ಓಡಿ ಹೋಗಿ ತೆರೆದೆ. ಅದಕ್ಕೆ ನಮ್ಮ ಭಾಷೆಯೇ ಬರುವುದಿಲ್ಲ. ಜಗತ್ತನ್ನೇ ಬದಲಿಸುತ್ತೇವೆ ಎನ್ನುವವರು ಮೊದಲು ನಾಲ್ಕು ಮಾತು ಕಲಿತು ಬರಬಾರದೇ?

ಹೋಗಲಿ, ನಾನೇ ಮಾಡುತ್ತೇನೆ. ಟೈಪ್ ಮಾಡಲು ಬೇಜಾರೆಂದು ಅಮ್ಮ ನನಗೆ ಯಾವಾಗಲೂ ವಾಯ್ಸ್ ಮೆಸೇಜು ಕಳಿಸುತ್ತಿದ್ದಳು. ಒಟ್ಟು ನಾನೂರ ಹನ್ನೆರಡು ಇವೆ. ಅವುಗಳಿಂದ ಒಂದೊಂದೇ ಪದ ಕತ್ತರಿಸಿ, ಟ್ಯಾಬಿನಲ್ಲಿ ಒಂದೊಂದು ಬಟನ್ನಿಗೆ ಅಂಟಿಸಿದರೆ ಮುಗಿಯಿತು. ಬಟನ್ ಒತ್ತಿದರೆ ಅಮ್ಮನ ದನಿ! ಮೈಕಿನ ಮುಂದಿಟ್ಟರೆ ಆ ಡಬ್ಬ ಗುಜರಿಗೆ.

ನಾನೂರ ಹನ್ನೆರಡರಲ್ಲಿ ಮುನ್ನೂರ ಎಂಬತ್ತರ ಪಕ್ಕ ಇನ್ನೂ ಕೇಳಿಲ್ಲ ಎಂಬ ನೀಲಿ ಚುಕ್ಕೆ ಇದೆ. ಏನಿದ್ದರೂ ಬೈಗುಳವೇ ಎಂದು ನಾನು ಕೇಳದೆಯೇ "ಓಕೆ ಅಮ್ಮ" ಎಂದು ಕಳಿಸುತ್ತಿದ್ದೆ.

ಮಾರ್ಚ್ 17, ಸೋಮವಾರ

ಎರಡು ದಿನದಿಂದ ಮಧ್ಯಾಹ್ನವೆಲ್ಲ ಇದೇ ಕೆಲಸ. ಅಮ್ಮ ಪಕ್ಕದ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ, ನನ್ನ ಕಿವಿಯಲ್ಲಿ ಒಂದೇ ಸಮನೆ ಬೈಯುತ್ತಿದ್ದಾಳೆ.

ಸಿಕ್ಕಿದ ಸರಕಿನ ಪಟ್ಟಿ ಹೀಗಿದೆ. ಒದ್ದೆ ಟವೆಲ್ಲಿನ ಬಗ್ಗೆ ಮೂವತ್ತೊಂದು ಮೆಸೇಜು. ಫೋನ್ ಕೆಳಗಿಡುವ ಬಗ್ಗೆ ಲೆಕ್ಕವಿಲ್ಲ. ಒಂದು ಸಲ ಅಮ್ಮ ರೆಕಾರ್ಡ್ ನಿಲ್ಲಿಸುವುದನ್ನೇ ಮರೆತು ಮೈಕಿಗೆ ಹೋಗಿದ್ದಾಳೆ, ಅದರಲ್ಲಿ "ಪ್ರಯಾಣಿಕರ ಗಮನಕ್ಕೆ, ಹಳೇ ಸೇತುವೆ ಕಡೆಗೆ ಹೋಗುವ ಬಸ್ಸು ಪ್ಲಾಟ್‌ಫಾರಂ ಸಂಖ್ಯೆ" ಎನ್ನುವವರೆಗೆ ಚಿನ್ನದಂಥ ದನಿ ಸಿಕ್ಕಿತು. ಸಂಖ್ಯೆ ಬರುವಷ್ಟರಲ್ಲಿ ಯಾವುದೋ ದರಿದ್ರ ಬಸ್ಸು ಹಾರ್ನ್ ಹೊಡೆದಿದೆ! ಸಂಖ್ಯೆ ಮಾತ್ರ ಬೇರೆ ಕಡೆಯಿಂದ ತರಬೇಕಾಯಿತು. "ಮೂರು ಎಣಿಸೋದ್ರೊಳಗೆ ಫೋನ್ ಕೆಳಗಿಡು. ಒಂದು... ಎರಡು... ಮೂರು!" ಎಂಬುದರಿಂದ ಮೂರನ್ನೂ ಕತ್ತರಿಸಿಕೊಂಡೆ.

ಜನವರಿಯ ಗಣಿತ ಪರೀಕ್ಷೆಯ ದಿನದ್ದೊಂದು ಇತ್ತು, ಮೂರು ನಿಮಿಷ ಹತ್ತು ಸೆಕೆಂಡು. ಎರಡೂವರೆ ನಿಮಿಷ ನೀರಿನ ಬಾಟಲಿ ಮರೆತದ್ದಕ್ಕೆ ಬೈಗುಳ. ಆಮೇಲೆ ಸ್ವಲ್ಪ ಹೊತ್ತು ಬರೀ ಬಸ್ಸುಗಳ ಸದ್ದು. ಆಮೇಲೆ ಅಮ್ಮ, "ಇರ್ಲಿ ಬಿಡು. ಕಷ್ಟ ಆದ್ರೆ ಆದಷ್ಟು ಬರೆದು ಬಾ, ಪ್ರಪಂಚ ಏನೂ ಮುಳುಗಲ್ಲ. ನಂದು ಇವತ್ತು ಬೇಗ ಮುಗಿಯುತ್ತೆ. ಪ್ಲಾಟ್‌ಫಾರಂ ಮೂರರ ಹತ್ರ ಕೂತಿರ್ತೀನಿ, ಒಟ್ಟಿಗೆ ಐಸ್‌ಕ್ರೀಂ ತಿನ್ಕೊಂಡು ಹೋಗೋಣ" ಎಂದಿದ್ದಾಳೆ.

ಅದರ ಕೆಳಗೆ ನನ್ನ "ಓಕೆ ಅಮ್ಮ."

ಅವತ್ತು ನಾನು ಗೆಳತಿಯ ಜೊತೆ ಬೇರೆ ಬಸ್ಸು ಹಿಡಿದು ನೇರ ಮನೆಗೆ ಬಂದಿದ್ದೆ. ಅಮ್ಮ ಕತ್ತಲಾದ ಮೇಲೆ ಬಂದಳು. ಎಷ್ಟು ಹೊತ್ತು ಕಾದಳೋ, ಒಂದು ಮಾತೂ ಹೇಳಲಿಲ್ಲ.

ಇದರಿಂದ ಯಾವ ಪದವನ್ನೂ ಕತ್ತರಿಸಲಿಲ್ಲ. ಆಡಿಯೋ ಅಷ್ಟು ಸ್ಪಷ್ಟವಾಗಿಲ್ಲ, ಅದಕ್ಕೆ.

ಮಾರ್ಚ್ 19, ಬುಧವಾರ

ಯಂತ್ರ ಸಿದ್ಧ! ಮೊದಲ ಪುಟದಲ್ಲಿ ನಿಲ್ದಾಣದ ಬಟನ್ನುಗಳು, ಎರಡನೇ ಪುಟದಲ್ಲಿ ಮೋಜಿಗೆ ಇಟ್ಟುಕೊಂಡ ಬೈಗುಳಗಳು. ಮ್ಯಾನೇಜರ್ ಅಂಕಲ್‌ಗೆ ತೋರಿಸಿದೆ. ಸದ್ಯಕ್ಕೆ ಮೂರು ಪ್ಲಾಟ್‌ಫಾರಂಗಳಷ್ಟೇ ಇವೆ, ಉಳಿದದ್ದು ಆಮೇಲೆ ಎಂದೆ. ಕೇಳಿದವರು ಕುಣಿಯುವುದೊಂದು ಬಾಕಿ. "ಅಬ್ಬಾ, ಸಾಕ್ಷಾತ್ ಅವರೇ! ನಾಳೆಯಿಂದಲೇ ಹಚ್ಚೋಣ. ನಿಮ್ಮಮ್ಮನಿಗೆ ಹೇಳಮ್ಮ, ನಿಧಾನವಾಗಿ ಹುಷಾರಾಗಲಿ, ನಮಗೇನೂ ಅವಸರ ಇಲ್ಲ" ಎಂದು ಟ್ಯಾಬನ್ನು ಇಟ್ಟುಕೊಂಡರು.

ಎಷ್ಟು ಒಳ್ಳೆಯ ಮನುಷ್ಯ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಶೂ ಬಿಚ್ಚುತ್ತಿದ್ದವನು ಹಾಗೇ ನಿಂತ.

"ಅಲ್ಲ ಕಣೇ ಚಾರ್ಜರ್, ಅಮ್ಮನ ದನಿ ಅವರ ಹತ್ರ ಇದ್ಮೇಲೆ ಅಮ್ಮ ಯಾಕೆ ಬೇಕು ಅವರಿಗೆ?"

ಅಯ್ಯೋ.

ಮಾರ್ಚ್ 20, ಗುರುವಾರ

ಶಾಲೆಯಿಂದ ನಿಲ್ದಾಣಕ್ಕೆ ಓಡಿದೆ. ಅಷ್ಟರಲ್ಲಿ ಶುರುವಾಗಿಬಿಟ್ಟಿತ್ತು.

"ಪ್ರಯಾಣಿಕರ ಗಮನಕ್ಕೆ, ಹಳೇ ಸೇತುವೆ ಕಡೆಗೆ ಹೋಗುವ ಬಸ್ಸು ಪ್ಲಾಟ್‌ಫಾರಂ ಸಂಖ್ಯೆ" ಎನ್ನುವವರೆಗೆ ಜೇನು. ಆಮೇಲೆ ಇದ್ದಕ್ಕಿದ್ದಂತೆ, "ಮೂರು!"

ನನ್ನ ಫೋನ್ ಕಿತ್ತುಕೊಳ್ಳಲು ಬರುವಾಗಿನ ಅದೇ ಮೂರು. ಇಡೀ ನಿಲ್ದಾಣ ಬೆಚ್ಚಿಬಿತ್ತು. ಬೆಂಚಿನ ಮೇಲೆ ಕಾಲು ಚಾಚಿದ್ದ ಗಂಡಸು ಕಾಲು ಮಡಿಸಿ ಕೂತ. ಕಾಲೇಜಿನ ಹುಡುಗರು ಫೋನುಗಳನ್ನು ಜೇಬಿಗೆ ತುರುಕಿದರು. ಹಳೇ ಸೇತುವೆಗೆ ಹೋಗುವವರೂ ಹೋಗದವರೂ ಪ್ಲಾಟ್‌ಫಾರಂ ಮೂರಕ್ಕೆ ದೌಡಾಯಿಸಿದರು. ಡ್ರೈವರ್ ಒಬ್ಬ ಕುಡಿಯುತ್ತಿದ್ದ ಚಹಾ ಬಿಟ್ಟು ಸೀಟಿಗೆ ಹಾರಿದ.

ಅಂಕಲ್ ಗಾಬರಿಯಲ್ಲಿ ಎಲ್ಲೆಲ್ಲೋ ಒತ್ತಿದರು. ಎರಡನೇ ಪುಟ ತೆರೆದುಕೊಂಡಿತು.

"ಒದ್ದೆ ಟವೆಲ್ ಹಾಸಿಗೆ ಮೇಲೆ ಬಿಸಾಕ್ಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ!"

ದೂರದಿಂದ ಯಾರೋ ಕಂಡಕ್ಟರು, "ತಪ್ಪಾಯ್ತಮ್ಮಾ!" ಎಂದು ಕೂಗಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ತಿರುಗಿ ನೋಡಿದರೆ ಹಿಂದೆ ಅಮ್ಮ! ಡಾಕ್ಟರ ಪತ್ರ ಕೊಡಲು ಬಂದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ. ಗೋಡೆಗೆ ಒರಗಿ, ಗಂಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸದ್ದಿಲ್ಲದೆ ಕಣ್ಣೀರು ಬರುವಷ್ಟು ನಗುತ್ತಿದ್ದಳು. ನಗುವುದಕ್ಕೂ ಡಾಕ್ಟರು ಬೇಡ ಎಂದಿದ್ದರು.

ಕೆಲಸ ಕೆಟ್ಟಿತು, ಸದ್ಯ ಬಚಾವಾದೆವು ಎಂದುಕೊಂಡೆ. ಅಂಕಲ್ ಮಾತ್ರ ಬೆವರು ಒರೆಸಿಕೊಂಡು ಹಲ್ಲು ಕಿರಿದರು. "ನೋಡಿದ್ಯಾ? ಎರಡು ವಾರದಲ್ಲಿ ಮೊದಲ್ನೇ ಸಲ ಒಬ್ಬರೂ ಬಸ್ ತಪ್ಪಿಸ್ಕೊಳ್ಳಲಿಲ್ಲ! ಸೋಮವಾರದೊಳಗೆ ನಾಲ್ಕರಿಂದ ಎಂಟರವರೆಗೂ ಸೇರಿಸ್ಬಿಡಮ್ಮ. ಆಮೇಲೆ ನಿಮ್ಮಮ್ಮ ಗಂಟಲು ನೋಯಿಸ್ಕೊಳ್ಳೋದೇ ಬೇಡ. ಸಾಮಾನಿನ ಕೋಣೇಲಿ ಆರಾಮಾಗಿ ಕೂತಿರಲಿ."

ಅಮ್ಮನ ನಗು ನಿಂತಿತು. ಆದರೂ ಮರ್ಯಾದೆಗೆ ತಲೆ ಆಡಿಸಿದಳು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ನಾನು ಗ್ಯಾಜೆಟ್ಟುಗಳ ಬಗ್ಗೆ ಒಂದು ಜೋಕು ಹೇಳೋಣವೆಂದುಕೊಂಡೆ, ಯಾವುದೂ ನೆನಪಾಗಲಿಲ್ಲ.

ಮಾರ್ಚ್ 24, ಸೋಮವಾರ

ಸುಳ್ಳು ಹೇಳಿದೆ. ಇಲ್ಲಿಯಾದರೂ ನಿಜ ಬರೆದಿಡುತ್ತೇನೆ.

ಸಂಖ್ಯೆಗಳೆಲ್ಲ ಸಿಕ್ಕಿವೆ. "ಟೀಗೆ ನಾಲ್ಕು ಚಮಚ ಸಕ್ಕರೆ ಹಾಕ್ಕೊಂಡಿದ್ದೀಯಾ?" "ಐದು ನಿಮಿಷ ಅಂದ್ರೆ ಐದೇ ನಿಮಿಷ." "ಆರು ಸಲ ಫೋನ್ ಮಾಡ್ದೆ, ಎಲ್ಲಿ ಸತ್ತಿದ್ದೆ?" "ಏಳು ಗಂಟೆಯೊಳಗೆ ಮನೇಲಿರ್ಬೇಕು." "ಡಜನ್ ಚಮಚದಲ್ಲಿ ಎಂಟು ಎಲ್ಲಿ ಹೋದ್ವು?" ಐದೂ ಗಾಜಿನಷ್ಟು ಸ್ಪಷ್ಟ. ಅರ್ಧ ಗಂಟೆಯ ಕೆಲಸ.

ಅಂಕಲ್ ಕೇಳಿದರು, "ನಾಲ್ಕು ಎಲ್ಲಮ್ಮ?"

"ಇಲ್ಲ ಅಂಕಲ್."

"ಇಲ್ಲ ಅಂದ್ರೆ? ಇಷ್ಟೊಂದು ಮೆಸೇಜಲ್ಲಿ ಒಂದೇ ಒಂದು ನಾಲ್ಕು ಸಿಗ್ಲಿಲ್ವಾ?"

"ನಮ್ಮಮ್ಮ ಮೂರರ ಮುಂದೆ ಎಣಿಸೋದೇ ಇಲ್ಲ ಅಂಕಲ್. ಮೂರು ಅನ್ನೋಷ್ಟರಲ್ಲಿ ನಾನು ಎದ್ದಿರ್ತೀನಿ."

ನಂಬದೆ ಬೇಕರಿಗೆ ಫೋನ್ ಮಾಡಿದರು. ಅಪ್ಪನಿಗೆ ನಾನೇನೂ ಹೇಳಿಕೊಟ್ಟಿರಲಿಲ್ಲ. ಆದರೂ "ಹೌದು ಸರ್. ನಮ್ಮನೇಲಿ ನಾಲ್ಕು ಅನ್ನೋದೇ ಇಲ್ಲ" ಎಂದನಂತೆ. ಅಪ್ಪನಿಗೆ ಐದಕ್ಕೆ ಐದು. ಬೇಡ, ಆರು.

ಒಂದರಿಂದ ಮೂರಕ್ಕೆ ಅಮ್ಮನ ದನಿ, ನಾಲ್ಕರಿಂದ ಎಂಟಕ್ಕೆ ಡಬ್ಬ ಎಂದು ಅಂಕಲ್ ಪ್ರಯತ್ನಿಸಿದರು. ಡಬ್ಬ ನಿಧಾನವಾಗಿ ಏನೋ ಹೇಳುತ್ತಿದ್ದರೆ ಅಮ್ಮ ನಡುವೆ "ಎರಡು!" ಎಂದು ಗದರಿಸಿದಂತಾಗಿ, ಇಬ್ಬರು ಹೆಂಗಸರು ನಲ್ಲಿಯ ಹತ್ತಿರ ಜಗಳ ಆಡುತ್ತಿದ್ದಾರೆ ಎಂದು ಜನ ಹತ್ತಿರ ಬಂದು ನಿಂತರು. ಕೊನೆಗೆ ಅಂಕಲ್ ಕೈಚೆಲ್ಲಿದರು. "ಏಪ್ರಿಲ್ ಒಂಬತ್ತಕ್ಕೆ ರಜ ಮುಗಿಯುತ್ತಲ್ಲ, ಅವತ್ತು ಅವರೇ ಬಂದು ಹೇಳಲಿ. ದನಿ ಸರಿಯಾಗಿ ಬಂದ್ರೆ ಆಯ್ತು. ಬರದಿದ್ರೆ ಡಬ್ಬವೇ ಗತಿ, ನಾನೇನೂ ಮಾಡೋಕಾಗಲ್ಲ."

ಮಾಡಲು ಬಂದರೂ ಬೇಕೆಂದೇ ಅರ್ಧಕ್ಕೆ ಬಿಟ್ಟ ಗ್ಯಾಜೆಟ್ ಜಗತ್ತಿನಲ್ಲಿ ಇದೊಂದೇ ಇರಬೇಕು.

ಮಾರ್ಚ್ 27, ಗುರುವಾರ

ಮೂರು ವಾರ ಮುಗಿಯಿತು. ಡಾಕ್ಟರ ಎದುರು ಅಮ್ಮ ಬಾಯಿ ತೆರೆದಳು. ಗಾಳಿ ಬಂತು. ಇನ್ನೊಮ್ಮೆ ಪ್ರಯತ್ನಿಸಿದಳು, ತುಕ್ಕು ಹಿಡಿದ ಬಾಗಿಲಿನಂಥ ಸದ್ದು ಬಂತು. ಹೀಗೇ ಆಗುವುದು, ದಿನಕ್ಕೆ ಐದು ನಿಮಿಷದಂತೆ ಅಭ್ಯಾಸ ಮಾಡಿ ಎಂದರು. ಅಮ್ಮ ಅಳಲಿಲ್ಲ. ನಾನು ಅತ್ತೆ. ಸುದ್ದಿ ಓದಿಲ್ಲ.

ಏಪ್ರಿಲ್ 5, ಶನಿವಾರ

ಅಮ್ಮ ದಿನಾ ಕನ್ನಡಿಯ ಮುಂದೆ "ಆ... ಈ... ಊ..." ಎನ್ನುತ್ತಾಳೆ. ಅಜ್ಜಿಯೂ ಜೊತೆಗೆ ಶುರು ಮಾಡಿದ್ದಾಳೆ, ಒಬ್ಬಳೇ ಕೂಗಿದರೆ ಅಕ್ಕಪಕ್ಕದವರು ಏನಾದರೂ ಅಂದುಕೊಳ್ಳುತ್ತಾರಂತೆ. ಇಬ್ಬರು ಕೂಗಿದರೆ ಇನ್ನೇನು ಅಂದುಕೊಳ್ಳುತ್ತಾರೋ!

ದನಿ ಬರುತ್ತಿದೆ, ಆದರೆ ದಪ್ಪ. ರಾಂಗ್ ನಂಬರಿನವನೊಬ್ಬ ಅಮ್ಮನಿಗೆ "ಸಾರಿ ಸರ್" ಎಂದ. ನಾನು ನಕ್ಕೆ, ಅಮ್ಮನೂ ನಕ್ಕಳು. ಆಮೇಲೆ ನನ್ನನ್ನು ಕೇಳಿದಳು, "ಅಷ್ಟು ಕೆಟ್ಟದಾಗಿದ್ಯೇನೇ?"

"ಇಲ್ಲಮ್ಮ. ಹೊಸ ವರ್ಷನ್. ಬೇಸ್ ಜಾಸ್ತಿ ಇದೆ."

ಕೈಯಲ್ಲಿದ್ದ ಬಾಚಣಿಗೆಯಲ್ಲಿ ಒಂದು ಕೊಟ್ಟಳು. ಮೆಲ್ಲಗೆ.

ಕಿವಿಗೆ ಹಾಕಿಕೊಂಡರೆ ಹೊರಗಿನ ಸದ್ದೇ ಕೇಳಿಸದ ಇಯರ್‌ಫೋನ್ ಬಂದಿದೆಯಂತೆ. ಹೋದ ತಿಂಗಳಾದರೆ ಹುಟ್ಟುಹಬ್ಬಕ್ಕೆ ಅದೇ ಬೇಕು ಎಂದು ಹಟ ಹಿಡಿಯುತ್ತಿದ್ದೆ. ಈಗ ಯಾಕೋ ಮೂಡ್ ಇಲ್ಲ.

ಏಪ್ರಿಲ್ 9, ಬುಧವಾರ

ಇವತ್ತು ಅಮ್ಮ ಮೈಕಿಗೆ ಮರಳುವ ದಿನ. ಶಾಲೆಯಿಂದ ನೇರ ಹೋಗಿ ಪ್ಲಾಟ್‌ಫಾರಂ ಮೂರರ ಬೆಂಚಿನ ಮೇಲೆ ಕೂತೆ.

ಗಾಜಿನ ಕೋಣೆಯಲ್ಲಿ ಅಮ್ಮ ಕಾಣುತ್ತಿದ್ದಳು. ಪಕ್ಕದಲ್ಲಿ ಕೈಕಟ್ಟಿ ನಿಂತ ಮ್ಯಾನೇಜರ್ ಅಂಕಲ್, ಮೂಲೆಯಲ್ಲಿ ಡಬ್ಬ. ಮೊದಲ ಪ್ರಕಟಣೆ ಸ್ವಲ್ಪ ನಡುಗಿತು. ಎರಡನೆಯದು ಪರವಾಗಿಲ್ಲ. ದನಿ ಮೊದಲಿನಂತಿಲ್ಲ, ಅಂಚಿನಲ್ಲಿ ಸ್ವಲ್ಪ ಮರಳು ಸೇರಿದಂತಿದೆ. ಆದರೂ ಜನ ತಲೆ ಎತ್ತಿದರು. ಚಹಾ ಕುಡಿಯುತ್ತಿದ್ದ ಕಂಡಕ್ಟರೊಬ್ಬ ಗಾಜಿನ ಕಡೆ ಕೈ ಬೀಸಿದ. ಅಂಕಲ್ ಮುಖದಲ್ಲಿ ಮಾತ್ರ ಏನೂ ಕಾಣಲಿಲ್ಲ.

ಆಮೇಲೆ ಬಂತು.

"ಪ್ರಯಾಣಿಕರ ಗಮನಕ್ಕೆ. ಚಾರ್ಜರ್ ಎಂಬ ಹೆಸರಿನ, ಹದಿನೈದು ವರ್ಷದ ಹುಡುಗಿ ಬೆಳಿಗ್ಗೆ ತನ್ನ ಊಟದ ಡಬ್ಬಿಯನ್ನು ಮರೆತು ಹೋಗಿದ್ದಾಳೆ. ಎಲ್ಲಿದ್ದರೂ ಬಂದು ತೆಗೆದುಕೊಂಡು ಹೋಗತಕ್ಕದ್ದು."

ಅಯ್ಯೋ ದೇವರೇ! ನಮ್ಮ ತರಗತಿಯ ಅರ್ಧ ಜನ ಅಲ್ಲೇ ಬಸ್ಸಿಗೆ ಕಾಯುತ್ತಿದ್ದರು. ಹಿಂದಿನ ನಾನಾಗಿದ್ದರೆ ನೆಲದೊಳಗೆ ಇಳಿದುಹೋಗುತ್ತಿದ್ದೆ. ನಾನು ಕೇಳಿಸದವಳಂತೆ ಕೂತೆ.

ಅಮ್ಮ ಗಾಜಿನಿಂದ ನೇರ ನನ್ನನ್ನೇ ನೋಡಿದಳು. ಮೈಕ್ ಹತ್ತಿರ ಎಳೆದುಕೊಂಡಳು.

"ಒಂದು."

ಕೂತೇ ಇದ್ದೆ.

"ಎರಡು."

ಜನ ಆಚೀಚೆ ನೋಡತೊಡಗಿದರು.

"ಮೂರು!"

ಕಾಲುಗಳು ತಾವಾಗಿಯೇ ಏಳಲು ಹೋದವು. ಎರಡೂ ಕೈಯಿಂದ ಬೆಂಚು ಹಿಡಿದುಕೊಂಡು ಕೂತೆ. ಜೀವಮಾನದಲ್ಲಿ ಮೊದಲ ಸಲ. ಅಮ್ಮನ ಬಾಯಿ ತೆರೆದೇ ಇತ್ತು. ಮುಂದೇನು ಎಂದು ಪಾಪ ಅವಳಿಗೂ ಗೊತ್ತಿರಲಿಲ್ಲ. ನಿಲ್ದಾಣವೆಲ್ಲ ಕಾಯುತ್ತಿತ್ತು.

"...ನಾಲ್ಕು?"

ಯಾರೋ ನಕ್ಕರು. ಅಮ್ಮನ ದನಿಯಲ್ಲೂ ನಗು ಸೇರಿಕೊಂಡಿತು. "ಐದು." ಆರಕ್ಕೆ ದನಿ ಒಡೆಯಿತು, ಅಂಕಲ್ ಕಟ್ಟಿದ ಕೈ ಬಿಚ್ಚಿದರು. ಅಮ್ಮ ಒಂದು ಗುಟುಕು ನೀರು ಕುಡಿದಳು. "ಏಳು" ತುಂಬುದನಿಯಲ್ಲಿ ಬಂತು. ಆಮೇಲೆ ಕೊನೆಯ ಪ್ಲಾಟ್‌ಫಾರಂನವರೆಗೂ ಕೇಳಿಸುವಂತೆ "ಎಂಟು!"

ಎದ್ದೆ. ಓಡಿದೆ. ಗಾಜಿನ ಕೋಣೆಗೆ ಹೋಗುವಷ್ಟರಲ್ಲಿ ಅಂಕಲ್ ಡಬ್ಬದ ವೈರು ಸುತ್ತುತ್ತಿದ್ದರು. "ಏನಮ್ಮ, ನಿಮ್ಮನೇಲಿ ನಾಲ್ಕು ಇಲ್ಲ ಅಂದಿದ್ದೆ?" ಎಂದರು. ನಾನು ಅಮ್ಮನ ಹಿಂದೆ ಹೋಗಿ ನಿಂತೆ.

ಅಮ್ಮ ಡಬ್ಬಿಯನ್ನು ನನ್ನ ಕೈಗೆ ಕುಕ್ಕಿದಳು. "ಕಿವಿ ಕೇಳಿಸಲ್ವಾ ನಿಂಗೆ? ಎಂಟರವರೆಗೆ ಎಣಿಸ್ಬೇಕಾ ನಿಂಗೆ?"

"ಕೇಳಿಸ್ತು" ಎಂದೆ. "ನಿನ್ನ ಕೆಲಸ ಮುಗಿಯೋವರೆಗೂ ಪ್ಲಾಟ್‌ಫಾರಂ ಮೂರರ ಹತ್ರ ಕೂತಿರ್ತೀನಿ. ಐಸ್‌ಕ್ರೀಂ ತಿನ್ಕೊಂಡು ಹೋಗೋಣ."

ಅಮ್ಮ ಮೈಕಿನ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡಳು. "ಹೋಗು, ಕೂತ್ಕೋ. ನಂಗೆ ಐಸ್‌ಕ್ರೀಂ ಇನ್ನೂ ಒಂದು ತಿಂಗಳು ಬೇಡ ಅಂದಿದ್ದಾರೆ. ನೀನು ತಿನ್ನು, ನಾನು ನೋಡ್ತೀನಿ."